ಹೋಳಿಗೆ ಉಂಡ ಮರುದಿನ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ತೂಕ ಇಳಿಸುವ ಸಂಕಲ್ಪ ಮಾಡಿದವರಿಗೆ ಮೊದಲು ಎದುರಾಗುವುದು ಪಂಚಾಂಗ. ನಾಗರಪಂಚಮಿಗೆ ಬಗೆಬಗೆಯ ಉಂಡಿ, ಗಣೇಶ ಚೌತಿಗೆ ಕಡುಬು, ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಊಟ, ದೀಪಾವಳಿಗೆ ದಿನಗಟ್ಟಲೆ ಕರಿದ ತಿನಿಸು. ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಿದ ಮೇಲೆ ಬದುವಿನಲ್ಲಿ ಕುಳಿತು ಉಣ್ಣುವ ಶೇಂಗಾ ಹೋಳಿಗೆ ಮತ್ತು ಬದನೆ ಎಣ್ಣೆಗಾಯಿ, ಭೋಗಿಗೆ ಬೆಣ್ಣೆ ಹಚ್ಚಿದ ಸಜ್ಜೆ ರೊಟ್ಟಿ, ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕದೇವಿಯ ಜಾತ್ರೆ, ಹೋಳಿ ಹುಣ್ಣಿಮೆಗೆ ಕಡಲೆಬೇಳೆಯ ಹೋಳಿಗೆ ಮತ್ತು ಕಟ್ಟಿನ ಸಾರು. ಇವುಗಳ ನಡುವೆ ಲಗ್ನ, ಸೀಮಂತ, ಗೃಹಪ್ರವೇಶ, ಮಠಗಳ ದಾಸೋಹದ ಗೋಧಿ ಹುಗ್ಗಿ. ಬೀಗರ ಮನೆಯಲ್ಲಿ ‘ಸಾಕು’ ಎಂಬ ಮಾತಿಗೆ ಮೂರನೆಯ ಸಲವೂ ಬೆಲೆ ಸಿಗುವುದಿಲ್ಲ.

ಇಂತಹ ನೆಲದಲ್ಲಿ ಪಥ್ಯ ಹಿಡಿದವರು ಆಗೊಮ್ಮೆ ಈಗೊಮ್ಮೆ ಮಿತಿ ಮೀರಿ ಉಣ್ಣುವುದು ಅನಿವಾರ್ಯವೆಂದೇ ಹೇಳಬೇಕು. ಹಬ್ಬಕ್ಕೆ ಮುನ್ನ ಹೇಗೆ ಸಂಯಮದಿಂದಿರಬೇಕು ಎಂಬುದರ ಬಗ್ಗೆ ಸಲಹೆಗಳಿಗೆ ಬರವಿಲ್ಲ. ಆದರೆ ಉಂಡಾದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ವಾಸ್ತವವಾಗಿ ತೂಕ ಇಳಿಸುವ ಹೆಚ್ಚಿನ ಪ್ರಯತ್ನಗಳು ಮುರಿದು ಬೀಳುವುದು ಹಬ್ಬದ ಎಲೆಯ ಮುಂದಲ್ಲ, ಮರುದಿನ ಬೆಳಿಗ್ಗೆ. ಆ ಬೆಳಿಗ್ಗೆ ತೆಗೆದುಕೊಳ್ಳುವ ನಿರ್ಧಾರವು ಹಿಂದಿನ ದಿನದ ಹೋಳಿಗೆಗಿಂತ ಹೆಚ್ಚು ಪರಿಣಾಮಕಾರಿ ಎಂಬುದನ್ನು ಮನಗಾಣಬೇಕಾಗಿದೆ.

ತೂಕದ ಯಂತ್ರ ಹೇಳುವ ಅರ್ಧಸತ್ಯ

ಹಬ್ಬದ ಮರುದಿನ ತೂಕದ ಯಂತ್ರದ ಮೇಲೆ ನಿಂತವರಿಗೆ ಒಂದೂವರೆ, ಎರಡು ಕಿಲೋ ಹೆಚ್ಚಾಗಿರುವುದು ಕಂಡು ಎದೆ ಒಡೆಯುತ್ತದೆ. ತಿಂಗಳ ಶ್ರಮ ಒಂದೇ ಊಟಕ್ಕೆ ನೀರು ಪಾಲಾಯಿತೆಂಬ ಭಾವನೆ ಮೂಡುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಹೆಚ್ಚಾದದ್ದು ಏನು ಎಂಬುದನ್ನು ಅದು ಹೇಳುವುದಿಲ್ಲ.

ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. 20 ಗ್ರಾಂ ಶೇಂಗಾ, 20 ಗ್ರಾಂ ಬೆಲ್ಲ, 20 ಗ್ರಾಂ ಹಿಟ್ಟು ಹಾಗೂ ಮೇಲೊಂದು ಚಮಚ ತುಪ್ಪ ಸೇರಿದ ಒಂದು ಶೇಂಗಾ ಹೋಳಿಗೆಯಲ್ಲಿ ಸುಮಾರು 300 ಕ್ಯಾಲರಿ ಇರುತ್ತದೆ. ಅಗತ್ಯಕ್ಕಿಂತ ಇಂತಹ ನಾಲ್ಕು ಹೋಳಿಗೆ ಹೆಚ್ಚು ಉಂಡರೆ 1,200 ಕ್ಯಾಲರಿ. ಒಂದು ಕಿಲೋ ಕೊಬ್ಬು ಸಂಗ್ರಹವಾಗಲು ಸುಮಾರು 7,700 ಕ್ಯಾಲರಿ ಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಈ ಪ್ರಕಾರ ಆ ನಾಲ್ಕು ಹೋಳಿಗೆಗಳು ಪೂರ್ತಿ ಕೊಬ್ಬಾಗಿ ಮಾರ್ಪಟ್ಟರೂ ಅದು 150ರಿಂದ 160 ಗ್ರಾಂ ಮಾತ್ರ.

ಹಾಗಾದರೆ ಉಳಿದ ತೂಕ ಎಲ್ಲಿಂದ ಬಂತು? ಹಿಟ್ಟು, ಬೆಲ್ಲಗಳಿಂದ ಬಂದ ಶರ್ಕರದ ಒಂದು ಭಾಗವನ್ನು ದೇಹವು ಗ್ಲೈಕೋಜೆನ್ ರೂಪದಲ್ಲಿ ಯಕೃತ್ತು ಹಾಗೂ ಸ್ನಾಯುಗಳಲ್ಲಿ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ವಾರಗಳಿಂದ ಮಿತವಾಗಿ ಉಣ್ಣುತ್ತಿದ್ದವರಲ್ಲಿ ಈ ಕಣಜ ಅರ್ಧ ಖಾಲಿಯಾಗಿರುವುದರಿಂದ ಒಮ್ಮೆಲೇ ತುಂಬಿಕೊಳ್ಳುತ್ತದೆ. ಕಟ್ಟಿನ ಸಾರು, ಉಪ್ಪಿನಕಾಯಿ, ಹಪ್ಪಳ, ಭಜಿಗಳ ಉಪ್ಪು ಮತ್ತಷ್ಟು ನೀರನ್ನು ತಡೆಯುತ್ತದೆ. ಕರುಳಿನಲ್ಲಿ ಇನ್ನೂ ಪಚನವಾಗುತ್ತಿರುವ ಆಹಾರದ ಭಾರವೂ ಇದರಲ್ಲಿ ಸೇರಿದೆ. ಎಂದಿನ ಊಟಕ್ಕೆ ಮರಳಿದರೆ ಈ ನೀರಿನ ತೂಕ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆದ್ದರಿಂದ ಹಬ್ಬದ ಮರುದಿನ ತೂಕ ನೋಡಿಕೊಳ್ಳುವುದರಿಂದ ಮನಸ್ಸು ಕೆಡುವುದೇ ಹೊರತು ಬೇರೆ ಪ್ರಯೋಜನವಿಲ್ಲ. ನಾಲ್ಕೈದು ದಿನ ಬಿಟ್ಟು ನೋಡುವುದು ಲೇಸು.

ಕೈಬಿಡುವುದು, ದಂಡಿಸಿಕೊಳ್ಳುವುದು

ಮರುದಿನ ಸಾಮಾನ್ಯವಾಗಿ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ದುರದೃಷ್ಟವೆಂದರೆ ಎರಡೂ ತಪ್ಪು ದಾರಿಗಳೇ.

ಮೊದಲನೆಯದು ಕೈಬಿಡುವ ದಾರಿ. ‘ಹೆಂಗೂ ಕೆಟ್ಟೈತಿ, ಇನ್ನೆರಡ ತಿಂದರ ಏನಾತು?’ ಎಂಬ ಮಾತು ನಮ್ಮ ಭಾಗದಲ್ಲಿ ಎಷ್ಟು ಸಹಜವಾಗಿ ಬರುತ್ತದೆ! ಮನಶ್ಶಾಸ್ತ್ರಜ್ಞರು ಈ ಮಾತಿನ ಹಿಂದಿರುವ ಮನಸ್ಸನ್ನು ದಶಕಗಳಿಂದ ಅಭ್ಯಸಿಸುತ್ತ ಬಂದಿದ್ದಾರೆ. ಪೀಟರ್ ಹರ್ಮನ್ ಮತ್ತು ಡೆಬೋರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಬಳಿಕ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಂ ಕೊಡಲಾಯಿತು. ಪಥ್ಯದ ಗೊಡವೆಯಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಸಹಜವಾಗಿಯೇ ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿದ್ದವರು ಮಾತ್ರ ಹೊಟ್ಟೆ ತುಂಬಿದ್ದರೂ ಹೆಚ್ಚು ತಿಂದರು! ನಿಯಮ ಮುರಿದಾಯಿತು, ಇನ್ನು ಕಾಯ್ದುಕೊಳ್ಳಲು ಉಳಿದಿರುವುದೇನು ಎಂಬ ಭಾವವೇ ಇದಕ್ಕೆ ಕಾರಣವೆಂದು ವಿವರಿಸಲಾಯಿತು. ಮರುವರ್ಷ ಜಾನೆಟ್ ಪೊಲಿವಿ ನಡೆಸಿದ ಅಧ್ಯಯನವು ಇನ್ನೊಂದು ಅಂಶವನ್ನು ಹೊರಗೆಡವಿತು. ತಿಂದದ್ದರಲ್ಲಿ ಕ್ಯಾಲರಿ ಎಷ್ಟಿತ್ತು ಎಂಬುದಕ್ಕಿಂತ ಎಷ್ಟಿತ್ತೆಂದು ಅವರು ನಂಬಿದ್ದರು ಎಂಬುದೇ ಮುಂದಿನ ತಿನ್ನುವಿಕೆಯನ್ನು ನಿರ್ಧರಿಸುತ್ತಿತ್ತು. ಅಂದರೆ ಕಟ್ಟೆ ಒಡೆಯುವುದು ಹೊಟ್ಟೆಯಲ್ಲಲ್ಲ, ಮನಸ್ಸಿನಲ್ಲಿ.

ಮದ್ಯವ್ಯಸನದಿಂದ ಹೊರಬರುತ್ತಿರುವವರ ನಡುವೆ ಕೆಲಸ ಮಾಡಿದ ಅಮೆರಿಕದ ಅಲನ್ ಮಾರ್ಲಟ್ ಕೂಡ ಇದನ್ನೇ ಗುರುತಿಸಿದ್ದರು. ಒಮ್ಮೆ ಎಡವುದು ಬೇರೆ, ಮತ್ತೆ ಹಳೆಯ ಹಳ್ಳಕ್ಕೆ ಬೀಳುವುದು ಬೇರೆ. ಎಡವಿದವನು ‘ನಾನೇ ಇಷ್ಟು, ನನ್ನಿಂದಾಗದು’ ಎಂದುಕೊಂಡಾಗ ಮೊದಲನೆಯದು ಎರಡನೆಯದಾಗಿ ಪರಿಣಮಿಸುತ್ತದೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಇದರ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಒಂದು ದಿನದ ಹೆಚ್ಚುವರಿ ಊಟದಿಂದ ಬರುವ ಕೊಬ್ಬು ಸುಮಾರು 150 ಗ್ರಾಂ. ಅದೇ ಭಾವದಲ್ಲಿ ಡಬ್ಬಿಯಲ್ಲಿ ಉಳಿದ ಹೋಳಿಗೆ, ಕರಚಿಕಾಯಿಗಳನ್ನು ಐದು ದಿನ ಹಾಗೆಯೇ ತಿಂದರೆ ಮುಕ್ಕಾಲು ಕಿಲೋ.

ಎರಡನೆಯದು ದಂಡಿಸಿಕೊಳ್ಳುವ ದಾರಿ. ನಿನ್ನೆ ಉಂಡದ್ದಕ್ಕೆ ಇಂದು ಉಪವಾಸ. ಮೇಲ್ನೋಟಕ್ಕೆ ಇದು ನ್ಯಾಯವಾದ ಲೆಕ್ಕಾಚಾರವೆಂದು ತೋರುತ್ತದೆ. ಆದರೆ ಮುಂಜಾನೆಯಿಂದ ಚಹಾ ಮಾತ್ರ ಕುಡಿದು ಕಳೆದವರು ಸಂಜೆ ಏಳರ ಹೊತ್ತಿಗೆ ಏನು ಮಾಡುತ್ತಾರೆ? ಕೈಗೆ ಸಿಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಮತ್ತೆ ಪಶ್ಚಾತ್ತಾಪ, ಮತ್ತೆ ಉಪವಾಸ, ಮತ್ತೆ ಅತಿಯೂಟ. ಗಡಿಭಾಗದ ಜನ ಈ ಚಕ್ರವನ್ನು ಬಹಳ ಹಿಂದೆಯೇ ಅರಿತಿದ್ದರು. ‘ಏಕಾದಶೀ, ದುಪ್ಪಟ್ ಖಾಶೀ’ ಎಂಬ ಮರಾಠಿ ಗಾದೆ ನಿಪ್ಪಾಣಿ, ಚಿಕ್ಕೋಡಿಗಳ ಕನ್ನಡಿಗರ ಬಾಯಲ್ಲೂ ಇದೆ. ಏಕಾದಶಿಯ ದಿನ ಇಮ್ಮಡಿ ತಿಂದೆ ಎಂಬ ಈ ಹಾಸ್ಯದಲ್ಲಿ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿಗಳ ನೆನಪೂ ಇದೆ, ಹಸಿವಿನ ಪ್ರತೀಕಾರದ ಅರಿವೂ ಇದೆ.

ಈ ಪ್ರತೀಕಾರ ದೇಹದ ಸಹಜ ಧರ್ಮ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಅಭ್ಯಸಿಸಿದರು. ಅವರಿಗೆ ಹಗಲಿರುಳೂ ಊಟದ್ದೇ ಧ್ಯಾನವಾಯಿತು. ಮತ್ತೆ ಆಹಾರ ಸಿಕ್ಕಾಗ ಹೊಟ್ಟೆ ತುಂಬಿದರೂ ತೃಪ್ತಿಯಾಗದೆ ಹಲವರು ವಾರಗಟ್ಟಲೆ ವಿಪರೀತ ತಿಂದರು. ಅತಿಯಾಗಿ ತಿನ್ನುವುದು ಎಲ್ಲ ಸಂದರ್ಭಗಳಲ್ಲೂ ಚಪಲವಲ್ಲ, ಅನೇಕ ವೇಳೆ ಅದು ಅತಿಯಾದ ಕಟ್ಟುಪಾಡಿನ ಫಲ ಎಂಬುದಕ್ಕೆ ಈ ಪ್ರಯೋಗ ಸಾಕ್ಷಿಯಾಗಿ ನಿಂತಿದೆ.

ಬದಲಾದ ದುಡಿಮೆ, ಬದಲಾಗದ ಊಟ

ಇಷ್ಟು ಹೇಳಿದ ಮಾತ್ರಕ್ಕೆ ಹಬ್ಬದ ಊಟ ನಿರುಪದ್ರವಿ ಎಂದಲ್ಲ. ನಮ್ಮ ಹಬ್ಬಗಳ ಅಡುಗೆ ರೂಪುಗೊಂಡದ್ದು ಬೆವರು ಸುರಿಸಿ ದುಡಿಯುವ ದೇಹಕ್ಕಾಗಿ. ಎತ್ತು ಹೂಡಿ ರಂಟೆ ಹೊಡೆದವರು, ತಲೆಯ ಮೇಲೆ ಹೊರೆ ಹೊತ್ತವರು, ಬೀಸುವ ಕಲ್ಲಿನಲ್ಲಿ ಜೋಳ ಬೀಸಿದವರು ವರ್ಷಕ್ಕೆ ಹತ್ತು ಸಲ ಹೋಳಿಗೆ ಉಂಡರೆ ಅದು ದೇಹಕ್ಕೆ ಸಂದಾಯವಾಗಬೇಕಾದ ಬಾಕಿಯೇ ಆಗಿತ್ತು. ಇಂದು ಉಳುಮೆಗೆ ಟ್ರ್ಯಾಕ್ಟರ್, ನೀರಿಗೆ ಪಂಪ್‌ಸೆಟ್, ಹಿಟ್ಟಿಗೆ ಗಿರಣಿ, ಹೊಲಕ್ಕೆ ಹೋಗಲು ಮೋಟಾರು ಸೈಕಲ್. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್‌ನಿಂದ ಮೊದಲ್ಗೊಂಡು ಸಾಲುಸಾಲಾಗಿ ತಲೆಯೆತ್ತಿದ ಸಕ್ಕರೆ ಕಾರ್ಖಾನೆಗಳು ಈ ಭಾಗಕ್ಕೆ ಹಣ ತಂದವು. ಕಬ್ಬು ಕಡಿಯುವ ಕೆಲಸ ಮಾತ್ರ ಮಹಾರಾಷ್ಟ್ರದ ಬೀಡ ಮತ್ತಿತರ ಒಣ ಜಿಲ್ಲೆಗಳಿಂದ ಬರುವ ಗ್ಯಾಂಗುಗಳ ಪಾಲಾಯಿತು. ಒಂದೇ ಹೊಲದ ಬದುವಿನಲ್ಲಿ ಹೆಚ್ಚು ಉಂಡು ಕಷ್ಟಪಡುವ ದೇಹವೂ ಇದೆ, ಸಾಕಷ್ಟು ಉಣ್ಣಲಾಗದೆ ಕಬ್ಬು ಹೊರುವ ದೇಹವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮಹಿಳೆಯರಲ್ಲಿ ಶೇ 24ರಷ್ಟು ಮಂದಿ ಅಧಿಕ ತೂಕದವರು, ಶೇ 18.7ರಷ್ಟು ಮಂದಿ ತೀರಾ ಕಡಿಮೆ ತೂಕದವರು. ಪುರುಷರಲ್ಲಿ ಅಧಿಕ ತೂಕದವರ ಪ್ರಮಾಣ ಶೇ 22.9.

ಇದರ ಪರಿಣಾಮ ಅಂದಚೆಂದಕ್ಕೆ ಸಂಬಂಧಿಸಿದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಹೆಚ್ಚು ಸಂಗ್ರಹವಾಗುವುದರಿಂದ ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲೇ ಅಪಾಯ ಆರಂಭವಾಗುತ್ತದೆ. ಅದಕ್ಕೆಂದೇ ಭಾರತದ ತಜ್ಞರು 2009ರಲ್ಲಿ ಸೊಂಟದ ಸುತ್ತಳತೆಯ ಮಿತಿಯನ್ನು ಪುರುಷರಿಗೆ 90 ಹಾಗೂ ಮಹಿಳೆಯರಿಗೆ 80 ಸೆಂಟಿಮೀಟರ್ ಎಂದು ಗೊತ್ತುಪಡಿಸಿದರು.

ಹಬ್ಬದ ತೂಕ ಹೇಗೆ ಬೇರೂರುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಅಧ್ಯಯನ ಕನ್ನಡಿ ಹಿಡಿಯುತ್ತದೆ. 2000ನೇ ಇಸವಿಯಲ್ಲಿ ಪ್ರಕಟವಾದ ಅದರಲ್ಲಿ 195 ವಯಸ್ಕರನ್ನು ಗಮನಿಸಲಾಗಿತ್ತು. ನವೆಂಬರ್ ಮಧ್ಯದಿಂದ ಹೊಸ ವರ್ಷದವರೆಗಿನ ಹಬ್ಬದ ದಿನಗಳಲ್ಲಿ ಅವರು ಗಳಿಸಿದ ಸರಾಸರಿ ತೂಕ 0.37 ಕಿಲೋ ಮಾತ್ರ. ಜನ ತಾವು ಅಂದುಕೊಂಡದ್ದಕ್ಕಿಂತ ಅದು ಬಹಳ ಕಡಿಮೆ. ಆದರೆ ಆತಂಕದ ಸಂಗತಿಯೆಂದರೆ ಆ ತೂಕ ನಂತರದ ತಿಂಗಳುಗಳಲ್ಲಿ ಇಳಿಯಲಿಲ್ಲ. ವರ್ಷಕ್ಕೆ ಹೀಗೆ ಮೂರನೇ ಒಂದು ಕಿಲೋ ಉಳಿದರೂ ಇಪ್ಪತ್ತು ವರ್ಷಗಳಲ್ಲಿ ಏಳು ಕಿಲೋ. ಒಂದು ಹಬ್ಬ ಯಾರನ್ನೂ ಸ್ಥೂಲಕಾಯರನ್ನಾಗಿ ಮಾಡುವುದಿಲ್ಲ. ಹಬ್ಬ ಮುಗಿದ ಮೇಲೂ ಎಂದಿನ ಊಟಕ್ಕೆ ಮರಳದಿರುವುದು ಮಾಡುತ್ತದೆ.

ಸವಳು ಭೂಮಿಯ ಪಾಠ

ಈ ಐದು ತಾಲ್ಲೂಕುಗಳ ರೈತರಿಗೆ ಇದನ್ನು ಬೇರೆ ಉದಾಹರಣೆಯಿಂದ ವಿವರಿಸಬೇಕಾಗಿಲ್ಲ. ಕೃಷ್ಣೆಯ ದಂಡೆಯ ಫಲವತ್ತಾದ ಎರೆಭೂಮಿ ಸವಳು-ಜವಳಾದದ್ದು ಹೇಗೆ? ಒಂದು ರಾತ್ರಿ ಮೋಟಾರು ಬಂದ್ ಮಾಡಲು ಮರೆತು ನೀರು ಹೆಚ್ಚು ಹರಿದದ್ದರಿಂದಲ್ಲ. ಕಬ್ಬಿಗೆ ನೀರು ಎಷ್ಟಾದರೂ ಬೇಕೆಂದು ವರ್ಷಾನುಗಟ್ಟಲೆ ನಿತ್ಯವೂ ಹೆಚ್ಚು ಹಾಯಿಸಿದ್ದರಿಂದ, ಹೆಚ್ಚಾದ ನೀರಿಗೆ ಬಸಿದು ಹೋಗುವ ದಾರಿ ಇಲ್ಲದ್ದರಿಂದ. ಒಂದು ದಿನ ನೀರು ಹೆಚ್ಚಾದರೆ ಜಾಣ ರೈತ ಬೆಳೆ ಕೆಟ್ಟಿತೆಂದು ಹೊಲ ಬಿಡುವುದಿಲ್ಲ. ಹಾಗೆಯೇ ನೆಲಕ್ಕೆ ಬುದ್ಧಿ ಕಲಿಸುತ್ತೇನೆಂದು ತಿಂಗಳುಗಟ್ಟಲೆ ನೀರು ನಿಲ್ಲಿಸಿ ಕಬ್ಬು ಒಣಗಿಸುವುದೂ ಇಲ್ಲ. ಬಸಿಗಾಲುವೆಯ ಬಾಯಿ ಬಿಡಿಸಿ, ಮುಂದಿನ ಪಾಳಿಯ ನೀರನ್ನು ಅದರ ಹೊತ್ತಿಗೆ, ಅದರ ಅಳತೆಗೆ ಹಾಯಿಸುತ್ತಾನೆ. ದೇಹದ ವಿಷಯದಲ್ಲೂ ಮಾಡಬೇಕಾದದ್ದು ಇಷ್ಟೇ.

ಹಾಗಾದರೆ ಮರುದಿನ ಮಾಡಬೇಕಾದುದೇನು? ಮೊದಲನೆಯದಾಗಿ, ಮುಂದಿನ ಊಟವನ್ನು ಬಿಡಬಾರದು. ಎದ್ದ ಕೂಡಲೇ ಹಸಿವಿಲ್ಲದಿದ್ದರೆ ಕಾಯಬಹುದು, ಆದರೆ ಹಸಿವಾದಾಗ ಎಂದಿನ ಹೊತ್ತಿಗೆ ಎಂದಿನಷ್ಟು ಉಣ್ಣಬೇಕು. ಅದಕ್ಕೆ ಬೇಕಾದ ಆಹಾರವನ್ನು ದೂರದಿಂದ ತರಿಸಬೇಕಾಗಿಲ್ಲ. ಒಂದೋ ಎರಡೋ ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೆ ಮಡಕಿಕಾಳಿನ ಪಲ್ಯ, ಪುಂಡಿಪಲ್ಯ ಅಥವಾ ಮೆಂತ್ಯದ ಸೊಪ್ಪು, ಸೌತೆಕಾಯಿ, ಹಸಿ ಉಳ್ಳಾಗಡ್ಡಿ, ಒಂದು ಬಟ್ಟಲು ಮಜ್ಜಿಗೆ. ನಾರು ಮತ್ತು ಪ್ರೋಟೀನ್ ಎರಡೂ ಇರುವ ಈ ಊಟ ಬೇಗ ಹಸಿವಾಗದಂತೆ ತಡೆಯುತ್ತದೆ. ಬೆಲ್ಲ ಸಕ್ಕರೆಗಿಂತ ‘ಹಗುರ’ ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು, ಕ್ಯಾಲರಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ದಿನದ ಹೆಚ್ಚುವರಿ ಸಕ್ಕರೆ 25 ಗ್ರಾಂ, ಅಂದರೆ ಆರು ಚಹಾ ಚಮಚದ ಒಳಗಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಮಾರ್ಗಸೂಚಿಯ ಸಾರ. ನಾಲ್ಕು ಸಲ ಸಿಹಿ ಚಹಾ ಕುಡಿಯುವವರಿಗೆ ಈ ಮಿತಿ ಅಲ್ಲಿಗೇ ಮುಗಿದಿರುತ್ತದೆ.

ಎರಡನೆಯದಾಗಿ, ನಡೆಯಬೇಕು, ಆದರೆ ಶಿಕ್ಷೆಯೆಂದಲ್ಲ. ಒಂದು ಗಂಟೆಯ ಬಿರುಸು ನಡಿಗೆಯಿಂದ ಖರ್ಚಾಗುವುದು ಹೆಚ್ಚೆಂದರೆ ಒಂದು ಹೋಳಿಗೆಯಷ್ಟು. ನಾಲ್ಕು ಹೋಳಿಗೆಗೆ ನಾಲ್ಕು ಗಂಟೆ ಎಂದು ಹೊರಟವರು ಎರಡನೆಯ ದಿನಕ್ಕೆ ಮನೆಯಲ್ಲೇ ಉಳಿಯುತ್ತಾರೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ.

ಮೂರನೆಯದಾಗಿ, ಉಳಿದದ್ದನ್ನು ಹಂಚಿಬಿಡಬೇಕು. ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಮುಖ್ಯವಾಗಿ ಹೆಣ್ಣುಮಕ್ಕಳದ್ದು. ಹಬ್ಬದ ದಿನ ಬೆಳಗಿನಿಂದ ಒಲೆಯ ಮುಂದೆ ಬೆಂದು, ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ಕಂಗೆಟ್ಟ ಹಸಿವಿನಲ್ಲಿ ಉಣ್ಣಲು ಕೂರುವವರು ಅವರೇ. ಮರುದಿನದಿಂದ ‘ಕೆಡಬಾರದು’ ಎಂದು ಉಳಿದದ್ದನ್ನು ತಿಂದು ಮುಗಿಸುವವರೂ ಅವರೇ. ಅನ್ನ ಚೆಲ್ಲಬಾರದೆಂಬ ಸಂಸ್ಕಾರ ದೊಡ್ಡದು. ಆದರೆ ಅದನ್ನು ಪಾಲಿಸುವ ಭಾರ ಒಬ್ಬಳ ದೇಹದ ಮೇಲೆ ಬೀಳಬಾರದು. ಅಳತೆಯಿಟ್ಟು ಮಾಡುವುದು, ಉಳಿದದ್ದನ್ನು ಅಂದೇ ನೆರೆಮನೆಗೆ, ಕಬ್ಬಿನ ಗ್ಯಾಂಗಿನ ಗುಡಿಸಲುಗಳಿಗೆ ತಲುಪಿಸುವುದು ಹಾಗೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಇದಕ್ಕೆ ಪರಿಹಾರ.

ಈ ನೆಲದ ತಪಸ್ಸಿನ ಪರಂಪರೆಯಲ್ಲೂ ಕಲಿಯಬೇಕಾದ ಒಂದು ಅಂಶವಿದೆ. ದೂಧಗಂಗಾ-ವೇದಗಂಗಾ ತೀರದ ಭೋಜ ಗ್ರಾಮದ ಪರಿಸರದಲ್ಲಿ 1872ರಲ್ಲಿ ಹುಟ್ಟಿ, ದೀರ್ಘ ಉಪವಾಸಗಳಿಗೆ ಹೆಸರಾಗಿ, 1955ರಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಆಚಾರ್ಯ ಶಾಂತಿಸಾಗರರ ನಾಡಿದು. ಮುನಿಗಳ ಉಪವಾಸದ ಗುರಿ ಬೇರೆ, ಅದು ಹೋಳಿಗೆಗೆ ತೆರುವ ದಂಡವಲ್ಲ. ಜೈನರು ಬಾಹ್ಯ ತಪಸ್ಸಿನ ಆರು ಬಗೆಗಳಲ್ಲಿ ಅನಶನದ ಬೆನ್ನಿಗೇ ‘ಅವಮೌದರ್ಯ’ವನ್ನು ಹೇಳುತ್ತಾರೆ. ಹೊಟ್ಟೆ ತುಂಬುವುದಕ್ಕಿಂತ ಸ್ವಲ್ಪ ಮೊದಲೇ ಏಳುವುದು ಎಂದು ಇದರ ಅರ್ಥ. ಪೂರ್ತಿ ಬಿಡುವುದಷ್ಟೇ ಅಲ್ಲ, ಸ್ವಲ್ಪ ಕಡಿಮೆ ಉಣ್ಣುವುದೂ ತಪಸ್ಸೇ ಎಂಬ ಈ ಮಾತು ಗೃಹಸ್ಥರಿಗೆ ಹೆಚ್ಚು ಹತ್ತಿರದ್ದು. ಸೂರ್ಯ ಮುಳುಗುವ ಮುನ್ನ ಉಣ್ಣುವ ಜೈನ ಮನೆಗಳ ರೂಢಿಯೂ ತಡರಾತ್ರಿಯ ಬಾಯಾಡಿಸುವಿಕೆಗೆ ಒಳ್ಳೆಯ ಕಡಿವಾಣ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಹಬ್ಬದ ಮರುದಿನ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಂಥವರು ವೈದ್ಯರನ್ನು ಕೇಳದೆ ಉಪವಾಸಕ್ಕಾಗಲಿ, ಔಷಧಿಯ ಬದಲಾವಣೆಗಾಗಲಿ ಕೈಹಾಕಬಾರದು. ಎರಡನೆಯದಾಗಿ, ಹಬ್ಬದ ಅತಿಯೂಟ ಬೇರೆ, ಕಾಯಿಲೆ ಬೇರೆ. ಯಾರೂ ಇಲ್ಲದಾಗ, ಹಸಿವಿಲ್ಲದೆಯೂ, ತಡೆಯಲಾರದೆ ತಿಂದು ಆಮೇಲೆ ನಾಚಿಕೆಯಿಂದ ಕುಗ್ಗುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳಿಂದ ನಡೆದಿದ್ದರೆ ಅದನ್ನು ವೈದ್ಯಶಾಸ್ತ್ರ ಒಂದು ರೋಗವೆಂದು ಗುರುತಿಸಿದೆ. ಅದಕ್ಕೆ ಬೇಕಿರುವುದು ಚಿಕಿತ್ಸೆ. ಬೈಗುಳದಿಂದ ಅದು ವಾಸಿಯಾಗದು.

ಉಪಚಾರದ ಮರ್ಯಾದೆ

ಕೊನೆಯ ಮಾತು ಉಣ್ಣುವವರಿಗಲ್ಲ, ಬಡಿಸುವವರಿಗೆ. ಅತಿಥಿಯ ಎಲೆಗೆ ಒತ್ತಾಯ ಮಾಡಿ ಹಾಕುವುದು ನಮ್ಮ ಭಾಗದ ಪ್ರೀತಿಯ ಭಾಷೆ. ಬರಗಾಲ ಕಂಡ ಹಿರಿಯರು ‘ಇನ್ನೊಂದ ತಗೋರಿ’ ಎಂದದ್ದರಲ್ಲಿ ಅರ್ಥವಿತ್ತು. ಇಂದು ಅದೇ ಮನೆಯಲ್ಲಿ ಒತ್ತಾಯದಿಂದ ನಾಲ್ಕನೆಯ ಹೋಳಿಗೆ ಬಡಿಸಿ, ಮರುದಿನ ‘ಏನವ್ವಾ, ದಪ್ಪಗಾಗೀಯಲ್ಲ, ಪಥ್ಯ ಏನಾತು?’ ಎಂದು ಕೇಳುವವರೂ ನಾವೇ. ಈ ಎರಡು ಮಾತುಗಳ ನಡುವೆ ಸಿಕ್ಕವರ ಪಾಡನ್ನು ಯೋಚಿಸಿದವರು ಕಡಿಮೆ. ಎರಡನೆಯ ಸಲ ‘ಸಾಕು’ ಎಂದವರ ಎಲೆಯ ಮುಂದೆ ಕೈ ಹಿಂತೆಗೆಯುವುದೂ ಉಪಚಾರವೇ.

ಬೇವು-ಬೆಲ್ಲದ ಯುಗಾದಿಯವರೆಗೆ, ಅದರಾಚೆಗೂ ಹಬ್ಬಗಳು ಬರುತ್ತಲೇ ಇರುತ್ತವೆ, ಬರಲಿ. ಹೋಳಿಗೆಯನ್ನು ಸಂತೋಷದಿಂದ ಉಂಡು, ಮರುದಿನ ಮಧ್ಯಾಹ್ನ ಎಂದಿನ ರೊಟ್ಟಿ-ಪಲ್ಯಕ್ಕೆ ಸಮಾಧಾನದಿಂದ ಕುಳಿತುಕೊಳ್ಳುವವರಿಗೆ ಯಾವ ಹಬ್ಬವೂ ಶತ್ರುವಲ್ಲ. ತೂಕ ಇಳಿಸುವ ದಾರಿಯಲ್ಲಿ ಎಡವದೆ ನಡೆದವರು ಇಲ್ಲ. ಎಡವಿದ ಮೇಲೆ ಎಷ್ಟು ಬೇಗ, ಎಷ್ಟು ಸದ್ದಿಲ್ಲದೆ ಮತ್ತೆ ದಾರಿಗೆ ಬಂದರು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.